ಅತ್ತೆಯವರನ್ನು ಕರೆದುಕೊಂಡು ಪಲೆರ್ಮೊಗೆ ಹೋಗಬಹುದಾ?

ಪ್ರಶ್ನೆ: ಮಗಳು ಮಿಲಾನ್‌ನಲ್ಲಿ ಓದುತ್ತಿದ್ದಾಳೆ. ಅಕ್ಟೋಬರ್‌ನಲ್ಲಿ ನಾನು, ನಮ್ಮ ಯಜಮಾನರು, 72 ವರ್ಷದ ಅತ್ತೆ ಮೂವರೂ ಇಟಲಿಗೆ ಹೊರಟಿದ್ದೇವೆ. ರೋಮ್ ಮುಗಿಸಿ ನಾಲ್ಕು ದಿನ ಸಿಸಿಲಿಯ ಪಲೆರ್ಮೊದಲ್ಲಿ ಇರೋಣ ಎಂದು ಮಗಳ ಹಟ. ನಮ್ಮ ಭಾವ ಮಾತ್ರ ‘ಅದು ಮಾಫಿಯಾದ ಊರು, ಗಲೀಜು ಬೇರೆ, ವೆನಿಸ್‌ಗೆ ಹೋಗಿ’ ಎನ್ನುತ್ತಾರೆ. ಆ ಊರಿನ ಬಗ್ಗೆ ಓದೋಣ ಎಂದು ಕೂತರೆ ಒಬ್ಬರು ‘ಅಲ್ಲಿ ಎಲ್ಲ ಧರ್ಮದವರೂ ಅಣ್ಣತಮ್ಮಂದಿರಂತೆ ಇದ್ದರು’ ಎಂದು ಬರೆಯುತ್ತಾರೆ, ಇನ್ನೊಬ್ಬರು ‘ಅಲ್ಲಿರುವ ಚರ್ಚುಗಳೆಲ್ಲ ಮಸೀದಿ ಒಡೆದು ಕಟ್ಟಿದ್ದು’ ಎನ್ನುತ್ತಾರೆ. ಯಾವುದು ನಿಜ? ನಾವು ಮೊಟ್ಟೆ ಕೂಡ ತಿನ್ನುವುದಿಲ್ಲ. ಅತ್ತೆಗೆ ಮಂಡಿನೋವು. ಇತಿಹಾಸ ಹೈಸ್ಕೂಲಿಗೇ ಮುಗಿಯಿತು. ಹೋದರೆ ನಮಗೆ ಏನಾದರೂ ಅರ್ಥ ಆಗುತ್ತಾ?
– ಓದುಗರು, ದಾವಣಗೆರೆ

ಉತ್ತರ: ನೀವು ಕೇಳಿರುವುದು ಹಲವು ಪ್ರಶ್ನೆ, ಆದರೆ ಅಳುಕು ಒಂದೇ. ಇಷ್ಟು ದುಡ್ಡು ಹಾಕಿ ಹೋಗಿ, ತಲೆಗೂ ಏನೂ ಹೋಗದೆ, ಹೊಟ್ಟೆಗೂ ಏನೂ ಹೋಗದೆ, ಅತ್ತೆಯವರ ಕಾಲು ಊದಿಸಿಕೊಂಡು ಬಂದರೆ ಏನು ಗತಿ, ಅಲ್ವಾ? ಕನ್ನಡದ ಗುಂಪುಗಳನ್ನು ಸಿಸಿಲಿಗೆ ಕರೆದೊಯ್ಯುವುದು ನನ್ನ ಕೆಲಸ. ಈ ಅಳುಕನ್ನು ಪ್ರತಿ ಸಲವೂ ಯಾರಾದರೂ ಒಬ್ಬರು ವಿಮಾನ ಹತ್ತುವ ಮುಂಚೆ ನನ್ನ ಕಿವಿಯಲ್ಲಿ ಹೇಳುತ್ತಾರೆ.

ಮೊದಲು ನಿಮ್ಮ ಭಾವನವರ ಮಾತು. ಮಾಫಿಯಾ ಕಟ್ಟುಕಥೆಯಲ್ಲ. ನೀವು ಇಳಿಯುವ ವಿಮಾನ ನಿಲ್ದಾಣಕ್ಕೆ ಫಾಲ್ಕೋನೆ–ಬೋರ್ಸೆಲ್ಲಿನೊ ಎಂದು ಹೆಸರು. ಇಬ್ಬರೂ ಮಾಫಿಯಾದ ವಿರುದ್ಧ ನಿಂತ ನ್ಯಾಯಾಧೀಶರು. 1992ರಲ್ಲಿ ಎರಡು ತಿಂಗಳ ಅಂತರದಲ್ಲಿ ಇಬ್ಬರನ್ನೂ ಬಾಂಬ್ ಇಟ್ಟು ಕೊಂದರು. ಅಲ್ಲಿಂದ ಊರಿನ ಗಾಳಿ ಬದಲಾಯಿತು. ಅಂಗಡಿಯವರಿಂದ ಮಾಫಿಯಾ ವಸೂಲಿ ಮಾಡುವ ಹಫ್ತಾಕ್ಕೆ ಅಲ್ಲಿ ‘ಪಿಜ್ಜೊ’ ಎನ್ನುತ್ತಾರೆ. 2004ರಲ್ಲಿ ಒಂದಷ್ಟು ಹುಡುಗ ಹುಡುಗಿಯರು ರಾತ್ರೋರಾತ್ರಿ ಊರ ತುಂಬ ಅದರ ವಿರುದ್ಧ ಸ್ಟಿಕ್ಕರ್ ಅಂಟಿಸಿದರು. ‘ಅದ್ದಿಯೊಪಿಜ್ಜೊ’ ಚಳವಳಿ ಶುರುವಾಗಿದ್ದು ಹಾಗೆ. ‘ನಾವು ಹಫ್ತಾ ಕೊಡುವುದಿಲ್ಲ’ ಎಂದು ಬಾಗಿಲಿಗೇ ಅಂಟಿಸಿಕೊಂಡ ಅಂಗಡಿಗಳು ಇವತ್ತು ನಿಮಗೆ ಕಾಣಸಿಗುತ್ತವೆ. ಈ ಪೀಡೆ ಪೂರ್ತಿ ತೊಲಗಿದೆ ಎಂದು ನಾನು ಹೇಳುವುದಿಲ್ಲ. ಆದರೆ ಅದರ ಕಣ್ಣು ಅಲ್ಲಿನ ವ್ಯಾಪಾರಿಯ ಮೇಲೆ, ಗುತ್ತಿಗೆದಾರನ ಮೇಲೆ. ದಾವಣಗೆರೆಯಿಂದ ಬಂದ ನಿಮ್ಮ ಅತ್ತೆಯವರ ಮೇಲೆ ಅಲ್ಲ. ನೀವು ಹುಷಾರಾಗಿರಬೇಕಾದದ್ದು ಜೇಬುಗಳ್ಳರಿಂದ, ಮತ್ತೆ ಸ್ಕೂಟರ್ ಮೇಲೆ ಬಂದು ಬ್ಯಾಗ್ ಕಿತ್ತುಕೊಂಡು ಹೋಗುವವರಿಂದ. ವ್ಯಾನಿಟಿ ಬ್ಯಾಗ್ ರಸ್ತೆಯ ಕಡೆಗಿನ ಹೆಗಲಿಗೆ ಬೇಡ. ಪಾಸ್‌ಪೋರ್ಟ್ ಬಟ್ಟೆಯ ಒಳಗಿರಲಿ. ಮಾಂಗಲ್ಯ ಸರ ಸೆರಗಿನಡಿ ಇದ್ದರೆ ಸಾಕು. ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುವಾಗಿನ ಎಚ್ಚರ ಇಲ್ಲಿಗೂ ಸಾಕು, ಜಾಸ್ತಿ ಬೇಡ. ಇನ್ನೊಂದು ಮಾತು. ಸಿನಿಮಾ ಡಾನ್‌ಗಳ ಚಿತ್ರವಿರುವ ಟೀ ಶರ್ಟನ್ನು ತಮಾಷೆಗೆಂದೂ ಕೊಳ್ಳಬೇಡಿ. ಮನೆಯವರನ್ನು ಕಳೆದುಕೊಂಡವರು ಅದೇ ಬೀದಿಯಲ್ಲಿ ಓಡಾಡುತ್ತಾರೆ.

ಗಲೀಜು ಅನ್ನುವುದು ಅರ್ಧ ನಿಜ. ಕಸದ ತೊಟ್ಟಿ ತುಂಬಿ ಚೆಲ್ಲಿರುತ್ತದೆ. ಚೆಂದದ ಅರಮನೆಯ ಪಕ್ಕದಲ್ಲೇ ಸೂರಿಲ್ಲದ ಮನೆ, ಅದರೊಳಗೆ ಬೆಳೆದ ಅಂಜೂರದ ಗಿಡ ಕಾಣುತ್ತದೆ. ಇದು ಸುಮ್ನೆ ಆದದ್ದಲ್ಲ. 1943ರಲ್ಲಿ ಮಿತ್ರಪಡೆಗಳ ಬಾಂಬು ಹಳೆಯ ಪಟ್ಟಣದ ಮೇಲೆ ಬಿತ್ತು. ಯುದ್ಧ ಮುಗಿದ ಮೇಲೆ ಹಳೆಯ ಊರನ್ನು ರಿಪೇರಿ ಮಾಡುವ ಬದಲು, ಮಾಫಿಯಾ ಮತ್ತು ಪುಢಾರಿಗಳು ಸೇರಿಕೊಂಡು ಸುತ್ತಲಿನ ಕಿತ್ತಳೆ, ನಿಂಬೆ ತೋಟಗಳಲ್ಲಿ ಕಾಂಕ್ರೀಟ್ ಎಬ್ಬಿಸಿದರು. 1950, 60ರ ದಶಕದ ಆ ಕೆಲಸಕ್ಕೆ ಅಲ್ಲಿನವರೇ ‘ಪಲೆರ್ಮೊದ ಲೂಟಿ’ ಎಂದು ಹೆಸರಿಟ್ಟಿದ್ದಾರೆ. ಹಳೆಯ ಪಟ್ಟಣದ ರಿಪೇರಿ ಇವತ್ತಿಗೂ ನಡೆಯುತ್ತಲೇ ಇದೆ. ವೆನಿಸ್‌ನ ಥಳಕು ಬೇಕು ಎನ್ನುವವರಿಗೆ ಈ ಊರು ಹಿಡಿಸುವುದಿಲ್ಲ. ನಿಮ್ಮ ಭಾವನವರಿಗೆ ಹಿಡಿಸಲಿಕ್ಕಿಲ್ಲ.

ಈಗ ನೀವು ಕೇಳಿದ ದೊಡ್ಡ ಪ್ರಶ್ನೆಗೆ ಬರೋಣ.

ಆಳಿದವರ ಪಟ್ಟಿ ಉದ್ದ ಇದೆ, ಬಾಯಿಪಾಠ ಮಾಡಬೇಡಿ. ಸುಮಾರು 2700 ವರ್ಷದ ಹಿಂದೆ ಊರು ಕಟ್ಟಿದವರು ಫಿನೀಷಿಯನ್ನರು, ಅಂದರೆ ಈಗಿನ ಲೆಬನಾನ್ ಕಡೆಯ ಹಡಗು ವ್ಯಾಪಾರಿಗಳು. ‘ಪಾನೊರ್ಮೊಸ್’ ಎಂದು ಹೆಸರಿಟ್ಟವರು ಗ್ರೀಕರು. ತಮಾಷೆ ಎಂದರೆ ಆ ಗ್ರೀಕರು ಊರನ್ನು ನೆಟ್ಟಗೆ ಆಳಲೇ ಇಲ್ಲ, ಹೆಸರು ಮಾತ್ರ ಉಳಿಯಿತು. ಕ್ರಿಸ್ತಪೂರ್ವ 254ರಲ್ಲಿ ರೋಮನ್ನರು ಬಂದರು. 535ರಲ್ಲಿ ಬೈಜಾಂಟಿಯಮ್ಮಿನವರು (ಕಾನ್‌ಸ್ಟಾಂಟಿನೋಪಲ್, ಅಂದರೆ ಈಗಿನ ಇಸ್ತಾಂಬುಲ್‌ನಿಂದ ಆಳಿದ, ಗ್ರೀಕ್ ಮಾತಿನ ಪೂರ್ವ ರೋಮನ್ನರು), 831ರಲ್ಲಿ ಅರಬರು, 1072ರಲ್ಲಿ ನಾರ್ಮನ್ನರು. ಆಮೇಲೆ ಜರ್ಮನ್, ಫ್ರೆಂಚ್, ಸ್ಪ್ಯಾನಿಷ್ ರಾಜರು. 1860ರಲ್ಲಿ ಗರಿಬಾಲ್ಡಿ. ಇಷ್ಟರಲ್ಲಿ ನಿಮಗೆ ಬೇಕಾದದ್ದು 1072ರಿಂದ ಮುಂದಿನ ನೂರಿಪ್ಪತ್ತು ವರ್ಷ ಮಾತ್ರ. ನೀವು ಬಾಯಿ ಬಿಟ್ಟು ನೋಡುವುದೆಲ್ಲ ಹೆಚ್ಚುಕಡಿಮೆ ಆಗ ಕಟ್ಟಿದ್ದೇ.

ನಾರ್ಮನ್ನರು ಉತ್ತರ ಫ್ರಾನ್ಸಿನಿಂದ ಬಂದ ಕೂಲಿ ಸೈನಿಕರು. ಕುದುರೆ, ಕತ್ತಿ ಗೊತ್ತು. ಲೆಕ್ಕಪತ್ರ, ನೀರಾವರಿ, ಕುಸುರಿ ಗೊತ್ತಿಲ್ಲ. ಕೈಗೆ ಸಿಕ್ಕ ಊರಿನಲ್ಲೋ ಅರಬ್ ಗುಮಾಸ್ತರು, ಗ್ರೀಕ್ ಅಧಿಕಾರಿಗಳು, ನುರಿತ ಕೆಲಸಗಾರರು ತುಂಬಿದ್ದರು. ಗೆದ್ದವರು ಬೆರಳೆಣಿಕೆ, ಸೋತವರು ಊರ ತುಂಬ. ಅವರನ್ನು ಓಡಿಸಿದರೆ ಕಂದಾಯ ಎತ್ತುವವರು ಯಾರು? ಅದಕ್ಕೇ ಇಟ್ಟುಕೊಂಡರು. ರಾಜನ ಕಚೇರಿ ಲ್ಯಾಟಿನ್, ಗ್ರೀಕ್, ಅರಬಿ ಮೂರರಲ್ಲೂ ಪತ್ರ ಬರೆಯುತ್ತಿತ್ತು. 1130ರ ಕ್ರಿಸ್‌ಮಸ್ ದಿನ ಕಿರೀಟ ಇಟ್ಟುಕೊಂಡ ಎರಡನೇ ರೋಜರ್‌ಗೆ ಇನ್ನೊಂದು ಲೆಕ್ಕಾಚಾರವೂ ಇತ್ತು. ಕಾನ್‌ಸ್ಟಾಂಟಿನೋಪಲ್ಲಿನ ಚಕ್ರವರ್ತಿ, ಕೈರೋದ ಖಲೀಫ ಇಬ್ಬರಿಗೂ ತಾನು ಸಮ ಎಂದು ತೋರಿಸಿಕೊಳ್ಳಬೇಕಿತ್ತು. ಅದಕ್ಕೆ ಅವರಿಬ್ಬರ ಶೈಲಿಯನ್ನೂ ತಂದು ತನ್ನ ಮನೆಯಲ್ಲೇ ಕೂರಿಸಿಕೊಂಡ. ಹಂಪಿಯಲ್ಲಿ ಆನೆ ಲಾಯದ ಗುಮ್ಮಟ, ಕಮಲ ಮಹಲಿನ ಕಮಾನು ನೋಡಿದ ನಮಗೆ ಈ ರಾಜಬುದ್ಧಿ ಹೊಸದೇನಲ್ಲ.

ಅಂದರೆ ‘ಅಣ್ಣತಮ್ಮಂದಿರು’ ಕಥೆ ಸುಳ್ಳಾ? ಪೂರ್ತಿ ಅಲ್ಲ, ಆದರೆ ಅದನ್ನು ಹೇಳುವವರು ಅರ್ಧಕ್ಕೇ ನಿಲ್ಲಿಸುತ್ತಾರೆ. 1161ರಲ್ಲಿ ರಾಜನ ವಿರುದ್ಧ ದಂಗೆ ಎದ್ದಾಗ ಊರಿನ ಮುಸ್ಲಿಮರನ್ನು ಕೊಂದರು. 1189ರಲ್ಲಿ ರಾಜ ಎರಡನೇ ವಿಲಿಯಂ ಸತ್ತಾಗ ಮತ್ತೆ ದಾಳಿ, ಉಳಿದವರು ಬೆಟ್ಟಗಳಿಗೆ ಓಡಿದರು. 1220ರ ದಶಕದಿಂದ ರಾಜ ಎರಡನೇ ಫ್ರೆಡರಿಕ್ ಸಿಸಿಲಿಯ ಮುಸ್ಲಿಮರನ್ನು ಇಟಲಿಯ ಲುಚೆರಾ ಎಂಬಲ್ಲಿಗೆ ಸಾಗಿಸಿದ. ಯೆಹೂದಿಗಳ ಸರದಿ 1492ರಲ್ಲಿ, ಸ್ಪೇನಿನ ಆಜ್ಞೆಯಂತೆ. ರಾಜನಿಗೆ ಬೇಕಾಗಿರುವವರೆಗೆ ರಕ್ಷಣೆ ಇತ್ತು, ಅಷ್ಟೆ.

‘ಎಲ್ಲ ಚರ್ಚೂ ಮಸೀದಿ ಒಡೆದು ಕಟ್ಟಿದ್ದು’ ಎನ್ನುವವರೂ ಹೀಗೇ ಅರ್ಧಕ್ಕೆ ನಿಲ್ಲಿಸುತ್ತಾರೆ. ಪಲೆರ್ಮೊದ ದೊಡ್ಡ ಕೆಥೆಡ್ರಲ್ ಜಾಗದಲ್ಲಿ ಮೊದಲು ಚರ್ಚಿತ್ತು. ಅರಬರು ಅದನ್ನು ಮಸೀದಿ ಮಾಡಿದರು, ನಾರ್ಮನ್ನರು ಮತ್ತೆ ಚರ್ಚ್ ಮಾಡಿದರು, 1185ರಲ್ಲಿ ಹೊಸದಾಗಿ ಕಟ್ಟಿದರು. ದಕ್ಷಿಣದ ಬಾಗಿಲ ಮಂಟಪದಲ್ಲಿ ಒಂದು ಕಂಬದ ಮೇಲೆ ಕುರಾನಿನ ಸಾಲು ಈಗಲೂ ಇದೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಆದರೆ ಫೋಟೋಗಳಲ್ಲಿ ಕಾಣುವ ಮೂರು ಕೆಂಪು ಗುಮ್ಮಟದ ಸಾನ್ ಕಟಾಲ್ಡೊ ಇದೆಯಲ್ಲ, ಎಲ್ಲರೂ ಮಸೀದಿ ಎಂದು ಬೆರಳು ತೋರಿಸುತ್ತಾರೆ. ಅದು ಹುಟ್ಟಿದ್ದೇ ಚರ್ಚ್ ಆಗಿ, ನಾರ್ಮನ್ ರಾಜನ ಮಂತ್ರಿಯೊಬ್ಬ ಕಟ್ಟಿಸಿದ್ದು. ಆ ಕೆಂಪು ಬಣ್ಣ 19ನೇ ಶತಮಾನದ ರಿಪೇರಿಯವರದ್ದು. ಅದಕ್ಕೂ ಮುಂಚೆ ಬಹಳ ಕಾಲ ಅದು ಅಂಚೆ ಕಚೇರಿಯಾಗಿತ್ತು! ಅರಬರ ಆಳ್ವಿಕೆಯ ಕಾಲದ ಒಂದು ಮಸೀದಿಯೂ ಇವತ್ತು ಪಲೆರ್ಮೊದಲ್ಲಿ ಇಡಿಯಾಗಿ ನಿಂತಿಲ್ಲ. ‘ಅರಬ್’ ಎಂದು ಕಾಣುವುದೆಲ್ಲ ಅರಬರು ಸೋತ ಮೇಲೆ ಅವರ ಕೈಯಿಂದಲೋ ಅವರ ಶಿಷ್ಯರ ಕೈಯಿಂದಲೋ ಕ್ರೈಸ್ತ ರಾಜ ಮಾಡಿಸಿದ್ದು. 2015ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಒಂಬತ್ತು ತಾಣಗಳ ಕಥೆ ಇದೇ.

ಇನ್ನು ‘ಅರ್ಥ ಆಗುತ್ತಾ’ ಅನ್ನುವುದು. ಆಗುತ್ತದೆ, ಒಂದು ಷರತ್ತಿನ ಮೇಲೆ: ಕಡಿಮೆ ನೋಡಿ. ಒಂಬತ್ತನ್ನೂ ಮುಗಿಸಲು ಹೊರಟವರಿಗೆ ಮೂರನೆಯದಕ್ಕೇ ಬಂಗಾರದ ಬಣ್ಣ ಸಾಕಾಗಿ ಹೋಗುತ್ತದೆ. ಮೂರು ಜಾಗ ಆರಿಸಿಕೊಳ್ಳಿ.

ಒಂದು, ರಾಜನ ಅರಮನೆಯೊಳಗಿನ ಕಪೆಲ್ಲಾ ಪಲಟಿನಾ. ರೋಜರ್‌ನ ಖಾಸಗಿ ದೇವರ ಕೋಣೆ ಎನ್ನಿ. 1140ರ ಹೊತ್ತಿನದ್ದು. ಗೋಡೆಯ ತುಂಬ ಗ್ರೀಕ್ ಕೆಲಸಗಾರರು ಕೂರಿಸಿದ ಬಂಗಾರದ ಗಾಜಿನ ಬಿಲ್ಲೆಗಳು (ಮೊಸಾಯಿಕ್ ಎನ್ನುವುದು ಇದಕ್ಕೇ), ಗುಮ್ಮಟದಲ್ಲಿ ಕ್ರಿಸ್ತ. ನೆಲ ಅಮೃತಶಿಲೆಯ ಚಿತ್ತಾರ. ಎಲ್ಲರೂ ಗೋಡೆ ನೋಡಿ ಹೊರಬರುತ್ತಾರೆ. ನೀವು ಮಧ್ಯದಲ್ಲಿ ನಿಂತು ತಲೆ ಎತ್ತಿ. ಮೇಲೆ ಮರದ ಚಾವಣಿ, ಜೇನುಗೂಡು ಕೊರೆದ ಹಾಗೆ. ಕೈರೋ ಕಡೆಯ ಶೈಲಿ. ಅದರ ಒಂದೊಂದು ಗೂಡಿನಲ್ಲೂ ಚಿತ್ರ: ಬಟ್ಟಲು ಹಿಡಿದು ಕೂತವರು, ವಾದ್ಯ ನುಡಿಸುವವರು, ಚದುರಂಗ ಆಡುವ ಇಬ್ಬರು. ಅಂಚಿನಲ್ಲಿ ಅರಬಿ ಅಕ್ಷರ. ಪೂಜೆಯ ಜಾಗದ ನೆತ್ತಿಯ ಮೇಲೆ ಅರಮನೆಯ ಮೋಜು! ಬರಿಗಣ್ಣಿಗೆ ಇದು ಬರೀ ಕಂದು ಬಣ್ಣದ ಚುಕ್ಕಿಗಳ ಹಾಗೆ ಕಾಣುತ್ತದೆ. ಚಿಕ್ಕ ದುರ್ಬೀನು ಒಯ್ಯಿರಿ. ಒಮ್ಮೆ ನನ್ನ ಗುಂಪಿನ ಹಿರಿಯರೊಬ್ಬರು ಹಕ್ಕಿ ನೋಡುವ ದುರ್ಬೀನು ತಂದಿದ್ದರು. ಚದುರಂಗದವರನ್ನು ಕಂಡ ಮೇಲೆ ಅರ್ಧ ಗಂಟೆ ಯಾರಿಗೂ ಅದನ್ನು ಕೊಡಲಿಲ್ಲ.

ಎರಡು, ಮಾರ್ಟೊರಾನಾ. ಸಾನ್ ಕಟಾಲ್ಡೊದ ಪಕ್ಕದಲ್ಲೇ. 1143ರ ಸುಮಾರಿಗೆ ಇದನ್ನು ಕಟ್ಟಿಸಿದವನು ರೋಜರ್‌ನ ನೌಕಾಪಡೆಯ ದಳಪತಿ, ಅಂತಿಯೋಕಿನ ಜಾರ್ಜ್. ಒಳಗೆ ಒಂದು ಮೊಸಾಯಿಕ್‌ನಲ್ಲಿ ಕ್ರಿಸ್ತ ತಾನೇ ರೋಜರ್‌ಗೆ ಕಿರೀಟ ತೊಡಿಸುತ್ತಿದ್ದಾನೆ. ಪೋಪನ ಸಾಮಂತನಾದ ರೋಜರ್ ಇಲ್ಲಿ ಬೈಜಾಂಟಿಯಮ್ ಚಕ್ರವರ್ತಿಯ ಉಡುಪಿನಲ್ಲಿ ನಿಂತಿದ್ದಾನೆ. ತಲೆಯ ಹತ್ತಿರ ‘ರೋಜರ್ ರಾಜ’ ಎಂದು ಬರೆದಿದೆ. ಲಿಪಿ ಗ್ರೀಕ್, ಆದರೆ ‘ರಾಜ’ ಎನ್ನಲು ಬಳಸಿದ ‘ರೆಕ್ಸ್’ ಲ್ಯಾಟಿನ್ ಪದ. ನಾವು ‘ಚೀಫ್ ಮಿನಿಸ್ಟರ್’ ಎಂದು ಕನ್ನಡ ಅಕ್ಷರದಲ್ಲಿ ಬರೆಯುವ ಹಾಗೆ.

ಮೂರು, ಝೀಸಾ. ‘ಅಲ್ ಅಝೀಝ್’ ಎಂಬ ಅರಬಿ ಮಾತು ಸವೆದು ಝೀಸಾ ಆಗಿದೆ. 1160ರ ದಶಕದಲ್ಲಿ ಶುರುವಾದ ಬೇಸಿಗೆ ಅರಮನೆ, ನಡುಮನೆಯಲ್ಲೇ ನೀರು ಹರಿಸಿ ತಂಪು ಮಾಡಿಕೊಳ್ಳುತ್ತಿದ್ದರು. ನಾನು ಕರೆದೊಯ್ಯುವುದು ಒಂದು ಕಲ್ಲಿಗಾಗಿ. ಅನ್ನಾ ಎಂಬ ಹೆಂಗಸಿನ ಸಮಾಧಿ ಫಲಕ, 1149ರದ್ದು. ರಾಜನ ಸೇವೆಯಲ್ಲಿದ್ದ ಅವಳ ಮಗ, ಪಾದ್ರಿ, ಹಾಕಿಸಿದ್ದು. ಅದೇ ವಿಷಯ ನಾಲ್ಕು ಬರಹದಲ್ಲಿದೆ: ಮೇಲೆ ಹೀಬ್ರೂ ಅಕ್ಷರದಲ್ಲಿ ಅರಬಿ, ಅಕ್ಕಪಕ್ಕ ಲ್ಯಾಟಿನ್ ಮತ್ತು ಗ್ರೀಕ್, ಕೆಳಗೆ ಅರಬಿ. ತಾರೀಕು ಕೂಡ ಒಂದೊಂದರಲ್ಲಿ ಆಯಾ ಜನರ ಪಂಚಾಂಗದಂತೆ ಬೇರೆ ಬೇರೆ. ತಾಯಿ ಹೋದ ಸುದ್ದಿ ಊರಿನವರೆಲ್ಲರಿಗೂ ಓದಲು ಬರಲಿ ಎಂದಿರಬೇಕು. ಹಾಗೆ ಬರೆಸುವುದು ತನ್ನ ದೊಡ್ಡಸ್ತಿಕೆ ಎಂದೂ ಇರಬಹುದು. ನಾನು ಎರಡನ್ನೂ ನಂಬುತ್ತೇನೆ.

ನಾಲ್ಕನೇ ದಿನ ಬಸ್ಸಿನಲ್ಲಿ ಮೊನ್ರೆಯಾಲೆಗೆ ಹೋಗಿಬನ್ನಿ. ಬೆಟ್ಟದ ಮೇಲಿನ ಆ ಚರ್ಚಿನಲ್ಲಿ ಆರು ಸಾವಿರ ಚದರ ಮೀಟರ್‌ಗೂ ಜಾಸ್ತಿ ಮೊಸಾಯಿಕ್ ಇದೆ. ಅತ್ತೆಯವರನ್ನು ಬೆಂಚಿನಲ್ಲಿ ಕೂರಿಸಿದರೆ ಸಾಕು, ನೋಹನ ಹಡಗಿನಿಂದ ಹಿಡಿದು ಎಲ್ಲ ಕಥೆ ಗೋಡೆಯಲ್ಲೇ ಕಾಣುತ್ತದೆ. ಕಪುಚಿನ್ ಸನ್ಯಾಸಿಗಳ ನೆಲಮಾಳಿಗೆಯಲ್ಲಿ ಸಾವಿರಾರು ಒಣಗಿದ ಹೆಣಗಳನ್ನು ಬಟ್ಟೆ ತೊಡಿಸಿ ನಿಲ್ಲಿಸಿದ್ದಾರೆ. ಮಗಳು ಕರೆಯುತ್ತಾಳೆ. ಅತ್ತೆಯವರನ್ನು ಬಿಟ್ಟು ಹೋಗಿ.

ಬಲ್ಲಾರೊ ಸಂತೆಗೆ ಮಾತ್ರ ಅವರನ್ನು ಖಂಡಿತ ಕರೆದೊಯ್ಯಿರಿ. ಸಂತೆಯವರು ರಾಗವಾಗಿ ಕೂಗಿ ಮಾರುತ್ತಾರೆ, ನೇತುಬಿದ್ದ ಕತ್ತಿಮೀನಿನ ಪಕ್ಕದಲ್ಲೇ ಬದನೆ, ಬಾದಾಮಿ, ಎಳ್ಳು. ಈ ಹೆಸರಿನ ಹಿಂದೆ ನಮಗೊಂದು ಕುತೂಹಲ ಇದೆ. ಮೊನ್ರೆಯಾಲೆ ಹತ್ತಿರದ ಬಲ್ಹರಾ ಎಂಬ ಹಳ್ಳಿಯ ವ್ಯಾಪಾರಿಗಳಿಂದ ಈ ಹೆಸರು ಬಂತು ಎಂಬುದು ಸಾಮಾನ್ಯ ವಿವರಣೆ. ಇನ್ನೊಂದು ವಾದ ಇದೆ: ಸಾಂಬಾರ ಪದಾರ್ಥ ಬರುತ್ತಿದ್ದ ದಖ್ಖನಿನ ರಾಜನ ಬಿರುದಿನಿಂದ ಬಂತು ಎಂದು. ಆ ಕಾಲದ ಅರಬರು ‘ಬಲ್ಹರಾ’ ಎನ್ನುತ್ತಿದ್ದದ್ದು ರಾಷ್ಟ್ರಕೂಟ ರಾಜನನ್ನು. ‘ವಲ್ಲಭರಾಜ’ ಅವರ ಬಾಯಲ್ಲಿ ಹಾಗಾಗಿತ್ತು. ಅವನ ರಾಜಧಾನಿ ಎಂದು ಅವರು ಬರೆದ ‘ಮಾಂಕೀರ್’ ನಮ್ಮ ಮಾನ್ಯಖೇಟ, ಕಲಬುರಗಿ ಜಿಲ್ಲೆಯ ಮಳಖೇಡ. 851ರ ಅರಬಿ ಬರಹವೊಂದು ಲೋಕದ ನಾಲ್ಕು ದೊಡ್ಡ ರಾಜರಲ್ಲಿ ಬಲ್ಹರಾನನ್ನೂ ಎಣಿಸುತ್ತದೆ. ಆಗ ಆಳುತ್ತಿದ್ದವನು ನೃಪತುಂಗ. ಪಲೆರ್ಮೊ ಅರಬರ ಕೈಸೇರಿದ್ದೂ ಅವನ ಕಾಲದಲ್ಲೇ. ಸಂತೆಯ ಹೆಸರು ಅವನದ್ದೇ ಎಂದು ಯಾರೂ ಸಾಬೀತು ಮಾಡಿಲ್ಲ, ಊರಿಗೆ ಬಂದು ಹಾಗೆಂದು ಭಾಷಣ ಮಾಡಬೇಡಿ. ಆದರೆ ಅಲ್ಲಿ ನಿಂತು ಮಳಖೇಡವನ್ನು ನೆನೆದುಕೊಳ್ಳಲು ಅಡ್ಡಿಯಿಲ್ಲ.

ಊಟದ ವಿಷಯದಲ್ಲಿ ಭಯ ಬೇಡ, ಎಚ್ಚರ ಬೇಕು. ಬೀದಿಯ ‘ಪನೆಲ್ಲೆ’ ನಿಮ್ಮ ಮೊದಲ ಗೆಳೆಯ. ಕಡಲೆಹಿಟ್ಟನ್ನು ನೀರಿನಲ್ಲಿ ಬೇಯಿಸಿ, ಹರಡಿ, ಕತ್ತರಿಸಿ ಕರಿಯುತ್ತಾರೆ. ಝುಣಕದ ವಡಿ ಕರಿದ ಹಾಗೆ. ಅದೇ ಬಾಣಲೆಯಲ್ಲಿ ಬೇರೆ ಏನು ಕರಿಯುತ್ತಾರೆ ಎಂದು ಒಮ್ಮೆ ಇಣುಕಿ ನೋಡಿ. ಬದನೆಕಾಯಿಯ ಹುಳಿಸಿಹಿ ಪಲ್ಯ ‘ಕಪೊನಾಟಾ’ ಚಪಾತಿ ಇದ್ದಿದ್ದರೆ ಇನ್ನೂ ಚೆಂದ. ಒಣಗಿದ ಪಾಸ್ತಾ ಸಾಮಾನ್ಯವಾಗಿ ಬರೀ ರವೆಯದ್ದು, ತಾಜಾ ಪಾಸ್ತಾದಲ್ಲಿ ಬಹಳ ಸಲ ಮೊಟ್ಟೆ ಇರುತ್ತದೆ. ಸಸ್ಯಾಹಾರದಂತೆ ಕಂಡು ಮೋಸ ಮಾಡುವುದು ಬೇರೆ ಇವೆ. ‘ಸ್ಫಿಂಚೋನೆ’ ಎಂಬ ದಪ್ಪ ಪಿಜ್ಜಾದಲ್ಲಿ ಟೊಮೆಟೊ ಈರುಳ್ಳಿಯ ಅಡಿ ಪುಟ್ಟ ಮೀನು ಕರಗಿಹೋಗಿರುತ್ತದೆ. ‘ಕನ್ನೋಲಿ’ಯ ಗರಿಗರಿ ಕೊಳವೆಗೆ ಹಂದಿಯ ಕೊಬ್ಬು ಹಾಕುವುದು ಹಳೆಯ ಪದ್ಧತಿ. ಪಾರ್ಮೆಸಾನ್ ಚೀಸ್‌ನ ಹಾಲು ಒಡೆಯಲು ಕರುವಿನ ಹೊಟ್ಟೆಯ ಹೆಪ್ಪು ಬಳಸುತ್ತಾರೆ. ‘ವೆಜಿಟೇರಿಯನ್’ ಎಂದರೆ ಅವರಿಗೆ ಇದ್ಯಾವುದೂ ಲೆಕ್ಕಕ್ಕೆ ಬರುವುದಿಲ್ಲ, ಮೋಸ ಮಾಡಬೇಕೆಂದಲ್ಲ. ಮೂರು ಮಾತು ಚೀಟಿಯಲ್ಲಿ ಬರೆದುಕೊಳ್ಳಿ: ‘ಸೆನ್ಸಾ ಊವೊ’ ಎಂದರೆ ಮೊಟ್ಟೆ ಬೇಡ, ‘ಸೆನ್ಸಾ ಸ್ಟ್ರುಟ್ಟೊ’ ಎಂದರೆ ಹಂದಿ ಕೊಬ್ಬು ಬೇಡ, ‘ಸೆನ್ಸಾ ಪೆಶ್ಶೆ’ ಎಂದರೆ ಮೀನು ಬೇಡ. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿದರೆ ರಾತ್ರಿ ಅನ್ನ ಸಾರಾದರೂ ಆಗುತ್ತದೆ. ಒಂದು ಅಪಾಯ ಇದೆ: ಹಳೆಯ ಪಟ್ಟಣದ ಎಷ್ಟೋ ಮನೆಗಳಿಗೆ ಲಿಫ್ಟ್ ಇಲ್ಲ. ಒಮ್ಮೆ ಜಾಹೀರಾತಿನಲ್ಲಿ ‘ಎರಡನೇ ಮಹಡಿ’ ಎಂದು ನೋಡಿ ಬುಕ್ ಮಾಡಿ ನಾನೇ ಕೆಟ್ಟೆ. ಅಲ್ಲಿನ ಹಳೆಯ ಚಾವಣಿ ಎಷ್ಟು ಎತ್ತರ ಎಂದರೆ ಎರಡು ಮಹಡಿ ನಮ್ಮ ನಾಲ್ಕರಷ್ಟು ಮೆಟ್ಟಿಲು. ಲಿಫ್ಟ್ ಇದೆಯಾ ಎಂದು ಬರವಣಿಗೆಯಲ್ಲೇ ಕೇಳಿ.

ಅತ್ತೆಯವರ ಮಂಡಿಗೆ ಊರು ಅಷ್ಟೇನೂ ಕಷ್ಟವಲ್ಲ. ಹಳೆಯ ಪಟ್ಟಣ ಹೆಚ್ಚುಕಡಿಮೆ ಸಮತಟ್ಟು. ನೆಲದ ಕಲ್ಲು ಸವೆದು ನುಣುಪಾಗಿದೆ, ಮಳೆ ಬಿದ್ದರೆ ಜಾರುತ್ತದೆ, ಚಪ್ಪಲಿ ಬಿಟ್ಟು ಶೂ ಹಾಕಿಸಿ. ಕೆಥೆಡ್ರಲ್ ಮಾಡಿಗೆ ಹತ್ತುವ ಕಿರಿದಾದ ಮೆಟ್ಟಿಲು ಅವರಿಗೆ ಬೇಡ. ಪ್ರವಾಸಿಗರನ್ನು ಸುತ್ತಿಸುವ ಮೂರು ಚಕ್ರದ ಗಾಡಿಗಳಿವೆ, ನಮ್ಮ ಊರಿನ ಗೂಡ್ಸ್ ಆಟೋದ ಅಕ್ಕತಂಗಿ. ಏರುವ ಮುಂಚೆ ದರ ಮಾತಾಡಿ. ಕಾರು ಬಾಡಿಗೆಗೆ ಪಡೆಯುವ ಯೋಚನೆ ಬಿಡಿ. ಹಳೆಯ ಪಟ್ಟಣದಲ್ಲಿ ವಾಹನಕ್ಕೆ ನಿರ್ಬಂಧ ಇದೆ, ಕ್ಯಾಮೆರಾ ಹಿಡಿದ ದಂಡದ ನೋಟಿಸು ತಿಂಗಳಾದ ಮೇಲೆ ಮನೆಗೆ ಬರುತ್ತದೆ.

ರೋಮ್‌ನಿಂದ ವಿಮಾನ ಒಂದು ಗಂಟೆಯ ಮಾತು. ರಾತ್ರಿ ರೈಲೂ ಇದೆ. ಮೆಸ್ಸಿನಾ ಜಲಸಂಧಿಯಲ್ಲಿ ಬೋಗಿಗಳನ್ನೇ ಬಿಡಿಸಿ ಹಡಗಿನೊಳಗೆ ತಳ್ಳಿ ದಾಟಿಸುತ್ತಾರೆ. ಯಜಮಾನರಿಗೆ ಖುಷಿಯಾಗುತ್ತದೆ, ಮೇಲಿನ ಬರ್ತ್ ಸಿಕ್ಕರೆ ಅತ್ತೆಯವರಿಗೆ ಆಗುವುದಿಲ್ಲ. ಹೋಗುವಾಗ ವಿಮಾನ ಹಿಡಿಯಿರಿ.

ಬಹಳಷ್ಟು ಚರ್ಚುಗಳು ಮಧ್ಯಾಹ್ನ ಮೂರ್ನಾಲ್ಕು ಗಂಟೆ ಬಾಗಿಲು ಹಾಕುತ್ತವೆ. ಆ ಹೊತ್ತು ಅತ್ತೆಯವರ ವಿಶ್ರಾಂತಿಗೆ ಇರಲಿ. ಕಪೆಲ್ಲಾ ಪಲಟಿನಾದಲ್ಲಿ ಭಾನುವಾರ ಬೆಳಿಗ್ಗೆ ಪ್ರಾರ್ಥನೆ ನಡೆಯುತ್ತದೆ, ಪ್ರವಾಸಿಗರಿಗೆ ಬಿಡುವುದಿಲ್ಲ. ಅರಮನೆ ಈಗ ಸಿಸಿಲಿಯ ವಿಧಾನಸಭೆ ಕೂಡ. ಅದಕ್ಕೇ ರಾಜರ ಕೋಣೆಗಳನ್ನು ವಾರದ ನಡುವೆ ಮಂಗಳವಾರದಿಂದ ಗುರುವಾರದವರೆಗೆ ತೋರಿಸುವುದಿಲ್ಲ. ಶುಕ್ರವಾರವೋ ಸೋಮವಾರವೋ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಹಡಗಿನ ಪ್ರವಾಸಿಗರ ಗುಂಪು ಬಂದಿಳಿಯುವ ಮುಂಚೆ ಆ ಚಾವಣಿಯ ಕೆಳಗೆ ಅರ್ಧ ಗಂಟೆಯಾದರೂ ನಿಮಗೆ ಸಿಗುತ್ತದೆ. ವೀಸಾ ಅರ್ಜಿಯನ್ನು ಆರು ತಿಂಗಳು ಮುಂಚಿನಿಂದಲೇ ಹಾಕಬಹುದು. 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಅತ್ತೆಯವರ ವಯಸ್ಸಿಗೆ ಪ್ರೀಮಿಯಂ ಜಾಸ್ತಿ ಬರುತ್ತದೆ, ಟಿಕೆಟ್ ತೆಗೆಯುವ ಮುಂಚೆ ಅದನ್ನೊಮ್ಮೆ ವಿಚಾರಿಸಿ. ದುರ್ಬೀನನ್ನು ಮಾತ್ರ ಅತ್ತೆಯವರ ಕೈಯಲ್ಲೇ ಕೊಡಿ.